ಸಮನ್ಸ್ ಬರಲಿ ಎಂದು ಕೂತವರು

ನಮ್ಮ ಮನೆಯವರಿಗೆ ಎರಡು ವಿದ್ಯೆ ಬರುತ್ತಿದ್ದವು. ಒಂದು, ಸಿಮೆಂಟು ಕಬ್ಬಿಣ ಮಾರುವುದು. ಇನ್ನೊಂದು, ಕೋರ್ಟಿನಲ್ಲಿ ಮುಂದಿನ ತಾರೀಖು ತೆಗೆದುಕೊಳ್ಳುವುದು. ಮೊದಲನೆಯದರಲ್ಲಿ ಅವರು ಸಾಧಾರಣ. ಎರಡನೆಯದರಲ್ಲಿ ತಮ್ಮನ್ನು ಮೀರಿಸುವವರು ರೋಣ ತಾಲೂಕಿನಲ್ಲೇ ಇಲ್ಲ ಎಂದು ಅವರೇ ಹೇಳಿಕೊಳ್ಳುತ್ತಿದ್ದರು, ನಾನೂ ಬಹಳ ವರ್ಷ ಹೌದೌದು ಎಂದು ತಲೆ ಆಡಿಸಿದ್ದೆ.

ಸವಡಿಯ ಹೊಲದ ಪಾಲಿನ ದಾವೆ ನಮ್ಮ ಮಾವನವರ ಕಾಲದ್ದು. ಮಾವನವರು ತೀರಿಕೊಂಡರು, ಎದುರಿಗೆ ನಿಂತಿದ್ದ ಅವರ ತಮ್ಮನೂ ತೀರಿಕೊಂಡರು, ದಾವೆ ಮಾತ್ರ ಗಟ್ಟಿಮುಟ್ಟಾಗಿ ಉಳಿಯಿತು. ಈಗ ಒಂದು ಕಡೆ ನಮ್ಮವರು, ಇನ್ನೊಂದು ಕಡೆ ಅವರ ಚಿಕ್ಕಪ್ಪನ ಮಗ, ಅಂದರೆ ನನಗೆ ಮೈದುನ. ತಾರೀಖಿನ ದಿನ ನಮ್ಮವರು ನಸುಕಿನಲ್ಲೇ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗಜೇಂದ್ರಗಡದಿಂದ ರೋಣದ ಬಸ್ ಹತ್ತುತ್ತಿದ್ದರು. ಸಂಜೆ ಮಿರ್ಚಿ ಭಜಿಯ ಪೊಟ್ಟಣ ಹಿಡಿದು ಬರುತ್ತಿದ್ದರು. ಏನಾಯಿತು ಎಂದು ಕೇಳಿದರೆ "ತಾರೀಖು ಕೊಟ್ರು" ಎನ್ನುವರು. ಆ ಮುಖದ ಕಳೆ ನೋಡಬೇಕಿತ್ತು, ಹೊಲವನ್ನೇ ಗೆದ್ದು ಬಂದವರ ಹಾಗೆ. ಆ ಹೊಲಕ್ಕೋ ಕೋರ್ಟಿನ ತಡೆ ಇತ್ತು. ಇಬ್ಬರೂ ಮಾರುವ ಹಾಗಿಲ್ಲ.

ಸಮನ್ಸ್ ತಂದ ಮನುಷ್ಯನನ್ನು ಹೇಗೆ ವಾಪಸ್ ಕಳಿಸಬೇಕು, ಸಹಿ ಮಾಡದೆ ಎಷ್ಟು ತಿಂಗಳು ದಾಟಿಸಬಹುದು, ಹುಷಾರಿಲ್ಲ ಎಂಬ ಚೀಟಿ ಯಾವಾಗ ತರಬೇಕು, ಇವೆಲ್ಲ ಅವರ ಬೆರಳ ತುದಿಯಲ್ಲಿದ್ದವು. ಅಂಗಡಿಗೆ ಬಂದ ಗಿರಾಕಿಗಳಿಗೂ ಪುಕ್ಕಟೆ ಸಲಹೆ ಕೊಡುತ್ತಿದ್ದರು. ಸಿಮೆಂಟು ಒಯ್ಯಲು ಬಂದವರು ಅರ್ಧ ವಕೀಲರಾಗಿ ಹೋಗುತ್ತಿದ್ದರು.

ಇಂಥವರ ಕೈಗೆ ಮನೆಯ ಸಾಲದ ವ್ಯವಹಾರ ಸಿಕ್ಕಿತು ನೋಡಿ, ಶಿವನೇ!

ಮನೆ ನನ್ನ ಹೆಸರಿನಲ್ಲಿತ್ತು. ಹೆಂಗಸಿನ ಹೆಸರಿಗಾದರೆ ಬಡ್ಡಿ ತುಸು ಕಡಿಮೆ ಎಂದು ಸಾಲ ಕೊಟ್ಟ ಗೃಹಸಾಲದ ಕಂಪನಿಯವರು ಹೇಳಿದ್ದರಿಂದ ಹಾಗೆ ಮಾಡಿಸಿದ್ದರು, ನನ್ನ ಮೇಲಿನ ಪ್ರೀತಿಗಲ್ಲ. ಆದರೇನು, ನನಗೆ ಅದು ನನ್ನ ಮನೆಯೇ. ಮದುವೆಯಾದಾಗಿನಿಂದ ಬಾಡಿಗೆ ಮನೆಗಳಲ್ಲಿ ಮಾಲೀಕರ ಹೆಂಡತಿಯರ ಮುಖ ನೋಡಿ ನೀರು ತುಂಬಿದವಳು ನಾನು. ಈ ಮನೆಯ ಒಲೆಕಟ್ಟೆಯನ್ನು ಗೌಂಡಿಯ ತಲೆ ತಿಂದು ನನ್ನ ಎತ್ತರಕ್ಕೆ ಕಟ್ಟಿಸಿಕೊಂಡಿದ್ದೆ. ರೊಟ್ಟಿ ಬಡಿಯುವಾಗ ಬೆನ್ನು ಬಗ್ಗಿಸುವ ಹಾಗಿರಲಿಲ್ಲ. ಕಿಟಕಿಯಿಂದ ಗುಡ್ಡ ಕಾಣುತ್ತಿತ್ತು. ಸಾಯುವ ತನಕ ಇಲ್ಲಿಂದ ಅಲ್ಲಾಡುವುದಿಲ್ಲ ಎಂದು ಗೃಹಪ್ರವೇಶದ ದಿನ ಅಕ್ಕನ ಮುಂದೆ ಹೇಳಿದ್ದೆ.

ಒಂದು ಹಂಗಾಮಿನಲ್ಲಿ ಅಂಗಡಿ ಸಪ್ಪಗಾಯಿತು, ಕಂತು ತಪ್ಪಿತು. ಕಂಪನಿಯವರು ದಂಡ ಹಾಕಿದರು. ಕೇಳಲು ಮನೆಗೆ ಬಂದ ಹುಡುಗರ ಖರ್ಚನ್ನೂ ಅದರ ಮೇಲೆ ಹಾಕಿದರು. ಅಲ್ಲಿಗೆ ನಮ್ಮವರ ನೆತ್ತಿ ಕಾಯಿತು.

"ರೊಕ್ಕಾ ಕೇಳಾಕ ಬಂದ್ರ, ಬಂದಿದ್ದಕ್ಕೂ ನಾನ ರೊಕ್ಕಾ ಕೊಡಬೇಕ? ಯಾವ ಊರಿನ ನ್ಯಾಯ ಇದು? ಇನ್ನ ಒಂದ ಕಂತೂ ಕಟ್ಟೂದಿಲ್ಲ. ದಾವಾ ಹಾಕ್ಲಿ. ರೋಣ ಕೋರ್ಟಿನ್ಯಾಗ ನೋಡ್ಕೋತೀನಿ."

"ಮುಂದಿನ ತಿಂಗಳು ಅಂಗಡಿ ಸುಧಾರಿಸ್ತೈತ್ರಿ, ಕಟ್ಟಿ ಬಿಡೂಣು" ಎಂದೆ.

"ನಿನಗ ತಿಳಿಯೂದಿಲ್ಲ, ಸುಮ್ನಿರ. ದಾವಾ ಬಿತ್ತಂದ್ರ ಹದಿನೈದ ವರ್ಷ ಎಳಿತೀನಿ. ಅವ್ರ ಬಂದು ಕೈಮುಗದು ರಾಜಿ ಮಾಡ್ಕೊಂಡು ಹೋಗ್ತಾರ."

ಅಂಗಡಿ ಸುಧಾರಿಸಿತು. ಆದರೂ ಕಟ್ಟಲಿಲ್ಲ. ಇದು ನನಗೆ ಇವತ್ತಿಗೂ ಹೊಟ್ಟೆ ಉರಿಸುವ ಸಂಗತಿ. ಇಲ್ಲದೆ ಕಟ್ಟದವರ ಪಾಡು ಬೇರೆ. ಇವರು ಇದ್ದೂ ಕಟ್ಟಲಿಲ್ಲ, ಆ ದುಡ್ಡನ್ನು ಮಾಲಿಗೆ ಹಾಕಿ, ಎದುರಾಳಿ ದಾವೆ ಹೂಡಲಿ ಎಂದು ಎದೆ ಸೆಟೆಸಿ ಕೂತರು.

ಮೂರು ಕಂತು ದಾಟಿದ ಮೇಲೆ ಅಂಚೆಯವನು ರಿಜಿಸ್ಟರ್ಡ್ ಪತ್ರ ತಂದ. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ, ಸಪ್ಪಳ ಬೀದಿಗೆ ಕೇಳುತ್ತಿತ್ತು.

"ವೈನಿ ಅವರ ಹೆಸರಿಗಿ ಬಂದೈತ್ರಿ, ಸಹಿ ಬೇಕಿತ್ತು" ಅಂದ.

"ಆಕಿ ಊರಾಗ ಇಲ್ಲ. ನರಗುಂದಕ್ಕ ಅಕ್ಕನ ಮನಿಗಿ ಹೋಗ್ಯಾಳ" ಅಂದರು ನಮ್ಮವರು.

ನನ್ನ ಕೈ ಅಲ್ಲೇ ನಿಂತಿತು. ಅಂಚೆಯವನಿಗೂ ರೊಟ್ಟಿಯ ಸಪ್ಪಳ ನಿಂತದ್ದು ಗೊತ್ತಾಗಿರಬೇಕು, ಪಾಪ, ಪತ್ರವನ್ನು ಚೀಲಕ್ಕೆ ಹಾಕಿ ಸೈಕಲ್ ಹತ್ತಿದ. ನಾನು ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಕೇಳಿದೆ: "ನನ್ನ ಹೆಸರಿನ ಕಾಗದಾರೀ ಅದು! ಒಡದು ನೋಡಿದ್ರ ಏನ್ ಕೈ ಸುಡ್ತಿತ್ತ?"

"ಸಹಿ ಮಾಡಿದ್ರ ಸಿಕ್ಕೊಂಡ್ವಿ. ಕಾಗದ ಮುಟ್ಟಲಿಲ್ಲ ಅಂದ್ರ ಕೇಸ ಮುಂದ ಹೋಗೂದಿಲ್ಲ. ಇದು ಕಾಯ್ದೆ" ಅಂದರು. ಎರಡನೆಯ ಸಲ ಪತ್ರ ಬಂದಾಗ ಒಲ್ಲೆ ಎಂದೇ ಬರೆಸಿ ಕಳಿಸಿದರು, ನಾನು ಸಂತೆಗೆ ಹೋದ ಹೊತ್ತಿನಲ್ಲಿ. ಬಂದ ಮೇಲೆ ಕೂಗಾಡಿದೆ. ಯಾರಿಗೆ ಹೇಳುವುದು, ಗೋಡೆಗೆ ಹೇಳಿದ ಹಾಗಾಯಿತು.

ಆಮೇಲೆ ಸುಮಾರು ದಿನ ಯಾರೂ ಬರಲಿಲ್ಲ. ಕಂಪನಿಯ ಫೋನೂ ನಿಂತಿತು. "ನೋಡಿದಿ? ತಣ್ಣಗಾದ್ರು" ಎಂದು ನಮ್ಮವರು ಮೀಸೆ ತೀಡಿದರು. ಸಮನ್ಸ್ ಬಂದರೆ ಯಾವ ವಕೀಲರಿಗೆ ವಕಾಲತ್ತು ಕೊಡಬೇಕು, ಮೊದಲ ತಾರೀಖಿಗೆ ಏನು ಕೇಳಬೇಕು ಎಂದು ಊಟಕ್ಕೆ ಕೂತಾಗೆಲ್ಲ ನನ್ನೆದುರು ಯೋಚನೆ ಹಾಕುತ್ತಿದ್ದರು. ನಿಜ ಹೇಳಬೇಕೆಂದರೆ ಅವರು ಸಮನ್ಸಿನ ದಾರಿ ಕಾಯುತ್ತಿದ್ದರು.

ಒಂದು ಮಧ್ಯಾಹ್ನ ಜೀಪಿನಲ್ಲಿ ಮೂವರು ಬಂದರು. ಕಂಪನಿಯ ಒಬ್ಬ ಅಧಿಕಾರಿ, ಅವನ ಜೊತೆ ಇಬ್ಬರು. ಬಾಗಿಲಿಗೆ ಒಂದು ಕಾಗದ ಅಂಟಿಸಿದರು, ಕಾಗದದ ಸಮೇತ ಬಾಗಿಲಿನ ಫೋಟೋ ಹೊಡೆದುಕೊಂಡರು. ಮನೆ ಇನ್ನು ಕಂಪನಿಯ ಸ್ವಾಧೀನಕ್ಕೆ ಬಂದಿದೆ, ಯಾರೂ ಇದರ ಮೇಲೆ ವ್ಯವಹಾರ ಮಾಡಬಾರದು ಎಂದು ಅದರಲ್ಲಿ ಕನ್ನಡದಲ್ಲೇ ಬರೆದಿತ್ತು, ನನ್ನ ಹೆಸರು ದಪ್ಪ ಅಕ್ಷರದಲ್ಲಿ.

ನಮ್ಮವರು ಅಂಗಡಿಯಿಂದ ಓಡಿ ಬಂದರು. "ಕೋರ್ಟಿನ ಹುಕುಂ ತೋರಸ್ರಿ! ಬೇಲಿಫ್ ಎಲ್ಲಿ? ಹುಕುಂ ಇಲ್ದ ನನ್ನ ಬಾಗಲಾ ಹ್ಯಾಂಗ ಮುಟ್ತೀರಿ?"

ಅಧಿಕಾರಿ ಸಣ್ಣ ವಯಸ್ಸಿನವನು, ಸಿಟ್ಟಿಗೇಳಲಿಲ್ಲ. "ಸಾವ್ಕಾರ್ರ, ಇದಕ್ಕ ಕೋರ್ಟಿನ ಹುಕುಂ ಬೇಕಾಗಿಲ್ರಿ. ಮನಿ ಒತ್ತಿ ಬರಕೊಟ್ಟೀರಿ. ಅರವತ್ತ ದಿನದ ನೋಟೀಸ್ ಕೊಟ್ಟೀವಿ. ನೀವು ಮಾತಾಡ್ಲಿಲ್ಲ."

"ನೋಟೀಸ್ ನಮಗ ಮುಟ್ಟೇ ಇಲ್ಲ!"

"ಒಲ್ಲೆ ಅಂದ್ರಲ್ರಿ. ಒಲ್ಲೆ ಅಂದ್ರ ಮುಟ್ಟಿದಂಗ ಲೆಕ್ಕ."

ಎದುರು ಮನೆ, ಪಕ್ಕದ ಮನೆ, ಬೀದಿಯ ಎಲ್ಲ ಕಟ್ಟೆಗಳ ಮೇಲೂ ಜನ. ಆ ವಾರ ಪೇಪರಿನಲ್ಲೂ ಹಾಕಿದರು, ನನ್ನ ಹೆಸರು, ಗಂಡನ ಹೆಸರು, ಮನೆಯ ನಾಲ್ಕೂ ದಿಕ್ಕಿಗೆ ಏನಿದೆ ಎಂಬುದು. ನೆಂಟರು ಒಬ್ಬೊಬ್ಬರಾಗಿ ಫೋನ್ ಮಾಡಿ, ಏನೂ ಗೊತ್ತಿಲ್ಲದವರ ಹಾಗೆ, "ಆರಾಮ ಅದೀರಿಲ್ಲ?" ಎಂದು ಕೇಳಿದರು. ನಾಚಿಕೆಯಿಂದ ನನಗೆ ಎರಡು ದಿನ ನಳದ ಹತ್ತಿರ ಹೋಗಲಾಗಲಿಲ್ಲ.

ರೋಣದ ನಮ್ಮ ಹಳೆಯ ವಕೀಲರ ಹತ್ತಿರ ಈ ಸಲ ನಾನೂ ಹೋದೆ. ಅವರು ಕಾಗದ ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದರಾಗ ಇಲ್ಲಿ ಕೋರ್ಟಿಗೆ ಬಾಯಿಲ್ಲಪಾ. ಮನಿ ಒತ್ತಿ ಇಟ್ಟು ತಗೊಂಡ ಸಾಲ ಮುಳುಗಿದ್ರ ಅವ್ರ ತಾವ ಮನಿ ಹಿಡದು ಮಾರಬಹುದು. ಹಂಗ ಕಾಯ್ದೆ ಐತಿ. ತಕರಾರು ಇದ್ರ ಬೆಂಗಳೂರಾಗ ಬ್ಯಾರೆ ನ್ಯಾಯಮಂಡಳಿ ಐತಿ, ಅಲ್ಲಿ ಹೋಗಬೇಕು. ಅದಕ್ಕೂ ನಲವತ್ತೈದ ದಿನದ ಗಡವು."

"ಹೊಲದ ಕೇಸಿಗೆ ತಡಿಯಾಜ್ಞೆ ತಂದಂಗ ಇದಕ್ಕೂ ತರೂಣಲ್ರಿ?"

"ಹೊಲ ಬ್ಯಾರೆ, ಇದು ಬ್ಯಾರೆ. ಉಳುಮಿ ಹೊಲ ಒತ್ತಿ ಇಟ್ಟಿದ್ರ ಹಿಂಗ ಹಿಡಿಯಾಕ ಬರತಿದ್ದಿಲ್ಲ. ನೀ ಇಟ್ಟಿದ್ದು ಮನಿ."

ನಮ್ಮವರು ನಂಬಲಿಲ್ಲ. ಈ ವಕೀಲರಿಗೆ ವಯಸ್ಸಾಯಿತು ಎಂದರು. ನರಗುಂದದಲ್ಲಿ ಒಬ್ಬರನ್ನು ಕಂಡರು, ಗದಗದಲ್ಲಿ ಇನ್ನೊಬ್ಬರನ್ನು. ಎಲ್ಲರೂ ಅದನ್ನೇ ಹೇಳಿದರು, ಎಲ್ಲರಿಗೂ ಫೀ ಕೊಟ್ಟರು. ಹೀಗೆ ಒಬ್ಬೊಬ್ಬರ ಬಾಗಿಲು ಬಡಿಯುತ್ತ ಬೆಂಗಳೂರಿಗೆ ಹೋಗುವ ಗಡುವನ್ನೂ ಕಳೆದರು. ನನ್ನ ಕೈಗೆ ಆಗ ಏನು ಸಿಕ್ಕಿದ್ದರೂ ಎಸೆಯುತ್ತಿದ್ದೆ.

ಕೊನೆಗೆ ನಾನೇ ಕಂಪನಿಯ ಗದಗದ ಶಾಖೆಗೆ ಹೋದೆ, ನಮ್ಮವರಿಗೆ ಹೇಳದೆ. ಅಲ್ಲಿಯ ಮ್ಯಾನೇಜರು ಹೆಂಗಸು. ನೀರು ಕೊಟ್ಟು ಕೂರಿಸಿ, ಕಡತ ತೆಗೆದು ನೋಡಿ, ನನ್ನ ಮುಖ ನೋಡಿದರು.

"ಅಕ್ಕಾರ, ಮೊದಲನೇ ನೋಟೀಸ್ ಬಂದಾಗ ಒಂದ ಚೀಟಿ ಬರದಿದ್ರ ಆಗ್ತಿತ್ತಲ್ರಿ. ದಂಡ ಹೆಚ್ಚಾತು, ಕಂತು ಹೊಂದಿಸಿಕೊಡ್ರಿ ಅಂತ. ಬರದಿದ್ರ ನಾವು ಹದಿನೈದ ದಿನದಾಗ ಉತ್ತರಾ ಕೊಡ್ಲೇಬೇಕಿತ್ತು. ದಂಡ ಬಿಟ್ಟು ಎಷ್ಟೋ ಮಂದಿಗಿ ಮಾಡಿಕೊಟ್ಟೀವಿ."

ಕೇಳಿರಿ ಇದನ್ನು. ಒಂದು ಚೀಟಿ! ಯಾವ ದಂಡಕ್ಕಾಗಿ ಇಷ್ಟೆಲ್ಲ ಹಟ ಮಾಡಿದರೋ ಆ ದಂಡವನ್ನು ಕೇಳಿದ್ದರೆ ಬಿಡುತ್ತಿದ್ದರಂತೆ. ಅಲ್ಲೇ ತಲೆ ಚಚ್ಚಿಕೊಳ್ಳಬೇಕೆನಿಸಿತು, ಪರರ ಕಚೇರಿಯೆಂದು ಸುಮ್ಮನಿದ್ದೆ.

"ಈಗೇನ್ ಮಾಡಬೇಕ್ರಿ?" ಎಂದೆ.

"ಈಗ ಕಂತು ಕಟ್ಟಿದ್ರ ನಡಿಯೂದಿಲ್ರಿ, ಪೂರ್ತಿ ಸಾಲ ಚುಕ್ತಾ ಮಾಡಬೇಕು. ಹರಾಜಿನ ಜಾಹೀರಾತು ಪೇಪರಿನ್ಯಾಗ ಬರೂದ್ರೊಳಗ ಮಾಡಿದ್ರ ಮನಿ ನಿಮ್ಮದು. ಜಾಹೀರಾತು ಬಿದ್ದ ಮ್ಯಾಲ ನನ್ನ ಕೈಯಾಗ ಏನೂ ಇಲ್ಲ. ನಾ ಭಾಳಂದ್ರ ಒಂದೀಟ ತಡಾ ಮಾಡಬಹುದು."

ಅಷ್ಟು ಹಣ ಬರುವ ದಾರಿ ಒಂದೇ, ಸವಡಿಯ ಹೊಲ. ಪಕ್ಕದ ಹೊಲದವರು ನಮ್ಮ ಪಾಲು ಕೊಳ್ಳಲು ಎಂದಿನಿಂದಲೋ ಕಾದಿದ್ದರು. ಆದರೆ ಹೊಲಕ್ಕೆ ಕೋರ್ಟಿನ ತಡೆ. ಆ ತಡೆಯನ್ನು ನಮ್ಮವರೇ ತಂದಿದ್ದು, ತಂದ ದಿನ ಭಜಿಯ ಜೊತೆ ಜಿಲೇಬಿಯನ್ನೂ ತಂದಿದ್ದರು. ತಡೆ ತೆಗೆಸಬೇಕಾದರೆ ಮೈದುನನ ಜೊತೆ ರಾಜಿಯಾಗಬೇಕು, ರಾಜಿ ಕೋರ್ಟಿನಲ್ಲಿ ದಾಖಲಾಗಬೇಕು.

ನಾನು ಸವಡಿಗೆ ಹೋದೆ. ಎಷ್ಟೋ ವರ್ಷಗಳ ಮೇಲೆ ಆ ಹೊಸ್ತಿಲು ದಾಟಿದ್ದು. ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಬಾಗಿಲಲ್ಲಿ ನನ್ನನ್ನು ನೋಡಿ ಗಾಬರಿಯಾಗಿ, ಆಮೇಲೆ ಕೈ ಹಿಡಿದು ಒಳಗೆ ಕರೆದೊಯ್ದಳು. ಮೈದುನನ ಮುಂದೆ ನಾನು ಸುತ್ತಿ ಬಳಸಲಿಲ್ಲ. ಮನೆ ಹೋಗುತ್ತದೆ, ರಾಜಿ ಮಾಡಿಕೋ ಎಂದೆ.

ಅವನು ಹೆಂಡತಿಗೆ ನೀರು ತರಲು ಹೇಳಿ ನನ್ನೆದುರು ಕೂತ. "ವೈನಿ, ನಾ ಇದನ್ನ ಹತ್ತ ವರ್ಷದ ಹಿಂದ ಅಣ್ಣಗ ಹೇಳಿ ಕಳಿಸಿದ್ದೆ. ಬಾವಿ ಕಡಿಂದು ನನಗ, ರಸ್ತಾ ಕಡಿಂದು ನಿಮಗ ಅಂತ. ಆಂವ, ಕೋರ್ಟಿನ್ಯಾಗ ಭೆಟ್ಟಿ ಆಗೂಣು ಅಂದ."

"ಈಗ ಹೂಂ ಅಂತಿಯೋ ಇಲ್ಲೋ?"

"ಅಂತೀನಿ. ಆಗ ಹೇಳಿದ್ದ ಮಾತ ಈಗೂ. ನೀವು ಉಂಡು ಹೋಗ್ರಿ."

ಉಂಡೆ. ಉಣ್ಣುತ್ತ ಅಳು ಬಂತು, ಖಾರಕ್ಕೆ ಎಂದೆ.

ಮನೆಗೆ ಬಂದು ಹೇಳಿದರೆ ನಮ್ಮವರು ಎಗರಾಡಿದರು. "ಬಾವಿ ಕಡಿಂದು ಬಿಡಬೇಕ? ನಮ್ಮಪ್ಪ ಇದಕ್ಕಾಗಿ ಜೀವಾ ತೇದಾನ! ಅವನ ಆತ್ಮಾ ಏನಂದೀತು?"

"ನಿಮ್ಮಪ್ಪನ ಆತ್ಮಕ್ಕ ಮಳಿ ಬಿಸಲ ಇಲ್ರಿ, ಎಲ್ಲೆರ ಇರ್ತೈತಿ. ನಾ ಎಲ್ಲಿರ್ಲಿ? ಅದನ್ನ ಹೇಳ್ರಿ ಮೊದಲ!" ಎಂದು ಕಿರುಚಿದೆ. ಹಾಗೆ ಅವರ ಮೇಲೆ ನಾನು ದನಿ ಏರಿಸಿದ್ದು ಬೀದಿಗೆಲ್ಲ ಕೇಳಿಸಿತು. ಕೇಳಲಿ, ಪೇಪರಿನಲ್ಲಿ ಬಂದದ್ದಕ್ಕಿಂತ ಹೆಚ್ಚೇನಲ್ಲ. ನಾಲ್ಕು ದಿನ ಮಾತು ಬಿಟ್ಟೆವು. ಐದನೆಯ ದಿನ ಅವರು ಊಟಕ್ಕೆ ಕೂತು, ತಾಟು ನೋಡುತ್ತ, "ಆತು, ವಕೀಲ್ರಿಗಿ ಬರೀಲಿಕ್ಕೆ ಹೇಳೂಣು" ಅಂದರು.

ರಾಜಿಪತ್ರ ತಯಾರಾಯಿತು. ತಾರೀಖಿನ ದಿನ ನಾವಿಬ್ಬರೂ ರೋಣಕ್ಕೆ ಹೋದೆವು. ಮೈದುನನೂ ನೆಗೆಣ್ಣಿಯೂ ಆಗಲೇ ಬಂದು ಬೇವಿನ ಮರದ ಕೆಳಗೆ ನಿಂತಿದ್ದರು. ಹೊಲ ಕೊಳ್ಳುವವರು ಮುಂಗಡ ಹಿಡಿದು ಬಂದಿದ್ದರು. ನಮ್ಮವರು ತಮ್ಮನ ಹತ್ತಿರ ಹೋಗಿ ಏನೋ ಒಂದೆರಡು ಮಾತಾಡಿದರು. ಸಹಿಗಳಾದವು. ಇನ್ನೇನು, ನ್ಯಾಯಾಧೀಶರ ಮುಂದೆ ನಿಂತು ಹೌದು ಅನ್ನುವುದಷ್ಟೇ ಬಾಕಿ.

ಹನ್ನೊಂದು ಗಂಟೆಗೆ ಒಳಗಿನಿಂದ ಸುದ್ದಿ ಬಂತು. ನ್ಯಾಯಾಧೀಶರು ರಜೆ. ಎಲ್ಲ ಪ್ರಕರಣಗಳಿಗೂ ಮುಂದಿನ ತಾರೀಖು.

ನಮ್ಮವರು ಒಳಗೆ ಹೋದರು. ನಾನೂ ಹಿಂದೆಯೇ ಹೋದೆ. ಗುಮಾಸ್ತರು ತಲೆ ತಗ್ಗಿಸಿ ಬರೆಯುತ್ತಿದ್ದರು.

"ಸಾಹೇಬ್ರ, ತಾರೀಖು ಬ್ಯಾಡ್ರಿ. ಇವತ್ತ ಮುಗಿಸಿಕೊಡ್ರಿ" ಅಂದರು ನಮ್ಮವರು.

ಗುಮಾಸ್ತರು ತಲೆಯೆತ್ತಿ, ಗುರುತು ಹಿಡಿದು ನಕ್ಕರು. "ಏನ್ರಿ ಸಾವ್ಕಾರ್ರ! ತಾರೀಖು ಬ್ಯಾಡ ಅನ್ನಾವ್ರು ನೀವಾ?"

"ತಮಾಷಿ ಅಲ್ರೀ. ಕೈಮುಗಿತೀನಿ. ಮನಿ ಹೋಗ್ತೈತ್ರಿ. ಯಾರ ಮುಂದಾದ್ರೂ ನಿಲ್ಲಸ್ರಿ, ಬ್ಯಾರೆ ಸಾಹೇಬ್ರ ಮುಂದಾದ್ರೂ..."

ಗುಮಾಸ್ತರ ನಗು ನಿಂತಿತು. ಸಂಬಂಧಪಟ್ಟವರನ್ನು ಕೇಳಿ ಬಂದರು, ಪಾಪ. ಆಗಲಿಲ್ಲ. ಸಿಕ್ಕ ತಾರೀಖು ಮೂರು ತಿಂಗಳು ಆಚೆಗಿತ್ತು. ಹೊರಗೆ ಬಂದು ನಮ್ಮವರು ಮೆಟ್ಟಿಲ ಮೇಲೆ ಕೂತುಬಿಟ್ಟರು, ಇಸ್ತ್ರಿ ಅಂಗಿ ಧೂಳಾದದ್ದೂ ಅವರಿಗೆ ಗೊತ್ತಾಗಲಿಲ್ಲ. ಸಿಟ್ಟು ಮಾಡಬೇಕೆಂದು ನಿಂತವಳು ಅವರ ಪಕ್ಕ ಕೂತು ಅಂಗಿಯ ಧೂಳು ಕೊಡವಿದೆ. ಸಿಟ್ಟು ಮಾಡಲಿಕ್ಕೂ ಬಿಡಲಿಲ್ಲವಲ್ಲ ಎಂದು ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಹೊಲ ಕೊಳ್ಳುವವರು ರಾಜಿ ದಾಖಲಾಗದೆ ಬಿಡಿಗಾಸೂ ಕೊಡುವುದಿಲ್ಲ ಎಂದು ಮುಂಗಡವನ್ನು ಚೀಲಕ್ಕೆ ಹಾಕಿಕೊಂಡು ಹೋದರು. ಅವರದೂ ತಪ್ಪಲ್ಲ. ನಾನು ಗದಗದ ಮ್ಯಾನೇಜರಿಗೆ ಫೋನ್ ಮಾಡಿ ಬೇಡಿಕೊಂಡೆ. ಮೇಲಿನ ಕಚೇರಿಯಿಂದ ಆಗಲೇ ಕೇಳುತ್ತಿದ್ದಾರೆ ಎಂದರು, ಎರಡು ವಾರ ತಡೆದರು ಕೂಡ. ಆಮೇಲೆ ಹರಾಜಿನ ಜಾಹೀರಾತು ಪೇಪರಿನಲ್ಲಿ ಬಂತು.

ಹರಾಜು ಎಂದರೆ ಮನೆಯ ಮುಂದೆ ನಿಂತು ಕೂಗುತ್ತಾರೆ ಎಂದುಕೊಂಡಿದ್ದೆ. ಅದೂ ಇಲ್ಲ, ಎಲ್ಲ ಕಂಪ್ಯೂಟರಿನಲ್ಲಿ. ಕೊಂಡವರ ಮುಖವನ್ನೂ ನಾನು ನೋಡಿಲ್ಲ. ಜಿಲ್ಲಾಧಿಕಾರಿಗಳ ಆದೇಶ ತಂದು, ಪೊಲೀಸರನ್ನು ಕರೆತಂದು ಖಾಲಿ ಮಾಡಿಸಬಹುದು ಎಂದು ಅಧಿಕಾರಿ ಹೇಳಿದ. ಅಷ್ಟು ದೂರ ಬರಬೇಡಪ್ಪಾ, ನನ್ನ ಪಾತ್ರೆಗಳನ್ನು ನಾನೇ ಹೊರಗೆ ತರುತ್ತೇನೆ ಎಂದೆ. ನರಗುಂದದಲ್ಲಿ ಅಕ್ಕನ ಮನೆಯ ಮೇಲೆ ಎರಡು ಕೋಣೆ ಖಾಲಿ ಇದ್ದವು. ಗಾಡಿಗೆ ಸಾಮಾನು ಏರಿಸಿದ ಮೇಲೆ ಒಲೆಕಟ್ಟೆಯನ್ನು ಒರೆಸಿ ಕೀಲಿಕೈ ಕೊಟ್ಟೆ. ಸಾಲ, ಬಡ್ಡಿ, ಅವರ ಖರ್ಚು ಎಲ್ಲ ಹಿಡಿದುಕೊಂಡು ಉಳಿದದ್ದನ್ನು ನನ್ನ ಖಾತೆಗೆ ಹಾಕಿದರು. ನಮ್ಮವರು ಅಂಗಡಿಗೆ ದಿನಾ ನರಗುಂದದಿಂದ ಓಡಾಡತೊಡಗಿದರು.

ಆಮೇಲೆ ಆ ತಾರೀಖು ಬಂತು. ನ್ಯಾಯಾಧೀಶರು ಬಂದಿದ್ದರು. ರಾಜಿಪತ್ರ ಓದಿದರು, ಇಬ್ಬರನ್ನೂ ಒಪ್ಪಿಗೆಯೇ ಎಂದು ಕೇಳಿದರು, ಇಬ್ಬರೂ ಹೌದು ಎಂದರು. ಚಹಾ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ಮಾವನವರ ಕಾಲದ ದಾವೆ ಮುಗಿಯಿತು, ಹೊಲ ನಮ್ಮ ಕೈಗೆ ಬಂತು, ಉಳಿಸಿಕೊಳ್ಳಲು ಮನೆ ಇರಲಿಲ್ಲ. ಮೈದುನ ಅಣ್ಣನ ಕಾಲಿಗೆ ಬಗ್ಗಿದ. ನಮ್ಮವರು ಅವನ ಬೆನ್ನ ಮೇಲೆ ಕೈ ಇಟ್ಟರು.

ರೋಣದ ನಿಲ್ದಾಣದಲ್ಲಿ ನರಗುಂದದ ಬಸ್ ಹತ್ತಿ ಕೂತೆವು. ಕಂಡಕ್ಟರ್ ಬಂದ. ಹೆಂಗಸರಿಗೆ ಪುಕ್ಕಟೆ, ಕಾರ್ಡು ತೋರಿಸಬೇಕು. ಚೀಲದಿಂದ ಆಧಾರ್ ಕಾರ್ಡು ತೆಗೆದು ಕೊಟ್ಟೆ. ಅವನು ವಿಳಾಸ ಓದಿ, ಒಳ್ಳೆಯ ಮನುಷ್ಯ, ಕಾರ್ಡು ವಾಪಸ್ ಕೊಡುತ್ತ ಆಚೆ ನಿಂತ ಬಸ್ಸಿನ ಕಡೆ ಕೈ ತೋರಿಸಿದ.

"ಅಕ್ಕಾರ, ಬಸ್ ತಪ್ಪಿ ಹತ್ತೀರಿ. ನಿಮ್ಮ ಗಜೇಂದ್ರಗಡದ್ದು ಅದ ನೋಡ್ರಿ, ಬಿಡಾಕತ್ತೈತಿ. ಲಗೂ ಇಳೀರಿ."

ನಮ್ಮವರು ಕಿಟಕಿಯ ಕಡೆ ತಿರುಗಿದರು.

"ಗೊತ್ತೈತಿ. ನರಗುಂದಕ್ಕ ಟಿಕೀಟ ಹರೀರಿ" ಎಂದೆ.